ಆಟದ ಮೇಜನ್ನು ಆನ್‌ಲೈನಿಗೆ ಸಾಗಿಸಿದ ಬಗೆ

ಆಟಗಾರರು ಒಂದೊಂದು ಪಾತ್ರವಾಗಿ ಕಥೆಯೊಂದನ್ನು ಕೂಡಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವು 1974ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಅಚ್ಚಾಗಿ ಬಂದಾಗ ಅದಕ್ಕೆ ಬೇಕಾಗಿದ್ದದ್ದು ಕಾಗದ, ಪೆನ್ಸಿಲು, ಒಂದಿಷ್ಟು ದಾಳಗಳು ಮತ್ತು ಒಂದೇ ಮೇಜಿನ ಸುತ್ತ ಮೂರ್ನಾಲ್ಕು ಗಂಟೆ ಕೂರಬಲ್ಲ ಐದಾರು ಜನ. ಬೆಂಗಳೂರಿನಲ್ಲಿ ಮೊದಲ ಮೂರನ್ನು ಹೊಂದಿಸುವುದು ಸುಲಭ, ನಾಲ್ಕನೆಯದೇ ಕಷ್ಟ. ಮಲ್ಲೇಶ್ವರದ ಒಂದು ಮನೆಯ ಊಟದ ಮೇಜಿನ ಸುತ್ತ ಬೆಳೆದ ನಮ್ಮ ಗುಂಪು ಮದುವೆ, ಕೆಲಸ, ಬಾಡಿಗೆ ಮನೆಗಳ ಬದಲಾವಣೆಯಲ್ಲಿ ಒಬ್ಬರು ಕೆಂಗೇರಿಗೆ, ಇಬ್ಬರು ವೈಟ್‌ಫೀಲ್ಡಿಗೆ, ನನ್ನ ಚಿಕ್ಕಪ್ಪನ ಮಗಳು ಹಾಸನಕ್ಕೆ ಎಂದು ಚದುರಿಹೋಯಿತು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡಿನ ತನಕ ನೇರವಾಗಿ ಓಡತೊಡಗಿದ ಮೇಲೆ ಬಂದುಹೋಗುವುದೇನೋ ಹಗುರವಾಯಿತು. ಆದರೆ ಆಟದೊಳಗಿನ ಕಾಳಗ ಕಾವೇರುವ ಹೊತ್ತಿಗೆ ಸರಿಯಾಗಿ ಕೊನೆಯ ರೈಲಿನ ಚಿಂತೆ ಶುರುವಾಗುತ್ತಿತ್ತು. ಆಟವನ್ನು ಆನ್‌ಲೈನಿಗೆ ಒಯ್ಯೋಣ ಎಂದು ಎಲ್ಲರೂ ಒಪ್ಪಿದರು, ಯಾವ ಸಾಫ್ಟ್‌ವೇರಿನಲ್ಲಿ ಎಂಬುದನ್ನು ನೋಡುವ ಹೊಣೆ ಗೇಮ್ ಮಾಸ್ಟರ್, ಅಂದರೆ ಕಥೆಯನ್ನು ನಡೆಸಿ ಶತ್ರುಗಳ ಪರವಾಗಿ ಆಡುವವನು, ಆದ ನನ್ನ ಪಾಲಿಗೆ ಬಂತು.

ಈ ಬಗೆಯ ಸಾಫ್ಟ್‌ವೇರುಗಳನ್ನು ವರ್ಚುವಲ್ ಟೇಬಲ್‌ಟಾಪ್ ಎಂದು ಕರೆಯುತ್ತಾರೆ, ಆಡುವವರ ಬಾಯಲ್ಲಿ ಅದು ವಿಟಿಟಿ. ಚೌಕಗಳಿರುವ ನಕ್ಷೆಯೊಂದನ್ನು ಎಲ್ಲರ ಪರದೆಯ ಮೇಲೂ ಏಕಕಾಲಕ್ಕೆ ತೋರಿಸುವುದು, ಪ್ರತಿ ಪಾತ್ರಕ್ಕೊಂದು ಟೋಕನ್, ಅಂದರೆ ಪರದೆಯ ಮೇಲಿನ ಕಾಯಿ, ಕೊಟ್ಟು ಅದನ್ನು ಆಟಗಾರನೇ ಎಳೆದು ಸರಿಸುವಂತೆ ಮಾಡುವುದು, ದಾಳ ಉರುಳಿಸಿ ಫಲಿತಾಂಶವನ್ನು ಎಲ್ಲರೂ ನೋಡುವಂತೆ ತೋರಿಸುವುದು, ಪಾತ್ರದ ಶಕ್ತಿ ಸಾಮರ್ಥ್ಯಗಳ ಹಾಳೆಯನ್ನು ಕಾಪಾಡುವುದು ಇವು ಅದರ ಮುಖ್ಯ ಕೆಲಸಗಳು. ಇದರ ಮೇಲೆ ಗೋಡೆ, ಬಾಗಿಲು, ದೀಪ, ಮಂಜು, ಸಂಗೀತ ಎಂದು ಎಷ್ಟು ಬೇಕಾದರೂ ಅಲಂಕಾರ ಮಾಡಬಹುದು. ಯಾವ ಸಾಫ್ಟ್‌ವೇರಿನ ಜಾಹೀರಾತನ್ನು ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಈ ಅಲಂಕಾರವೇ.

ಹಾಗಾಗಿ ಜಾಹೀರಾತುಗಳನ್ನು ಬದಿಗಿಟ್ಟು, ಆಟಗಾರರಲ್ಲಿ ಯಾರ ಬಳಿ ಏನಿದೆ ಎಂದು ವಿಚಾರಿಸುವುದರಿಂದ ನಾನು ಆರಂಭಿಸಿದೆ. ಕೆಂಗೇರಿಯ ಗೆಳೆಯನ ಬಳಿ ಹಳೆಯ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವೈಟ್‌ಫೀಲ್ಡಿನ ಗಂಡ ಹೆಂಡತಿ ಇಬ್ಬರದೂ ಕಂಪನಿ ಕೊಟ್ಟ ಲ್ಯಾಪ್‌ಟಾಪುಗಳು. ಬ್ರೌಸರ್ ತೆರೆಯಲು ಅಡ್ಡಿಯಿಲ್ಲ, ಹೊಸ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಆ ಪಾಸ್‌ವರ್ಡ್ ಐಟಿ ವಿಭಾಗದವರ ಹೊರತು ಯಾರಿಗೂ ಗೊತ್ತಿಲ್ಲ. ಹಾಸನದ ತಂಗಿಯ ಬಳಿ ಇದ್ದದ್ದು ಫೋನ್ ಮಾತ್ರ. ಈ ಪಟ್ಟಿಯೇ ಅರ್ಧ ನಿರ್ಧಾರವನ್ನು ಮಾಡಿಬಿಟ್ಟಿತು. 2004ರಿಂದ ಇರುವ, ನಿಯಮಗಳ ನಿರ್ವಹಣೆಯಲ್ಲಿ ಪಳಗಿದ ಫ್ಯಾಂಟಸಿ ಗ್ರೌಂಡ್ಸ್ ಅನ್ನು ಪ್ರತಿಯೊಬ್ಬ ಆಟಗಾರನೂ ತನ್ನ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಪೂರ್ಣ ಉಚಿತವೂ ಮುಕ್ತ ಆಕರದ್ದೂ ಆದ ಮ್ಯಾಪ್‌ಟೂಲ್ ಕೂಡ ಹಾಗೆಯೇ, ಜಾವಾದಲ್ಲಿ ಬರೆದ ಡೆಸ್ಕ್‌ಟಾಪ್ ಪ್ರೋಗ್ರಾಂ ಅದು. ಟೇಬಲ್‌ಟಾಪ್ ಸಿಮ್ಯುಲೇಟರಿಗಂತೂ ಪ್ರತಿಯೊಬ್ಬರೂ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಹಣ ಕೊಟ್ಟು ಪ್ರತಿಯನ್ನು ಖರೀದಿಸಬೇಕು, ಮೂರು ಆಯಾಮದ ಚಿತ್ರಣವನ್ನು ತಾಳುವ ಯಂತ್ರವೂ ಬೇಕು. ಮೂರೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯವೇ, ಆದರೆ ನಮ್ಮ ಗುಂಪಿಗೆ ಬಾಗಿಲಲ್ಲೇ ನಿಂತವು. ಬ್ರೌಸರಿನಲ್ಲಿ ನಡೆಯುವಂಥದ್ದನ್ನಷ್ಟೇ ನೋಡುವುದು ಎಂದು ತೀರ್ಮಾನಿಸಿದೆವು.

ನಕ್ಷೆಯೇ ಬೇಕೆ ಎಂಬ ಪ್ರಶ್ನೆಯೂ ಒಂದು ಹಂತದಲ್ಲಿ ಎದ್ದಿತು, ಅದು ಕೇಳಬೇಕಾದ ಪ್ರಶ್ನೆಯೇ. ವೇಷವಿಲ್ಲದೆ, ಕುಣಿತವಿಲ್ಲದೆ, ಅರ್ಥಧಾರಿಗಳ ಮಾತಿನ ಬಲದಿಂದಲೇ ರಣರಂಗವನ್ನು ಕಣ್ಣ ಮುಂದೆ ತರುವ ತಾಳಮದ್ದಳೆಯ ಹಾಗೆ, ಬರೀ ವಿವರಣೆಯಿಂದಲೇ ನಡೆಯುವ ರೋಲ್‌ಪ್ಲೇಯಿಂಗ್ ಆಟಗಳು ಸಾಕಷ್ಟಿವೆ. 1981ರಲ್ಲಿ ಬಂದ ಕಾಲ್ ಆಫ್ ಕ್ತುಲ್ಹು ಎಂಬ ಭಯಾನಕ ರಸದ ಆಟವನ್ನು ನಾವು ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಬರೀ ಧ್ವನಿಯಲ್ಲೇ ಆಡಿದ್ದುಂಟು. ಅಲ್ಲಿ ಶತ್ರು ಎಷ್ಟು ಅಡಿ ದೂರದಲ್ಲಿದ್ದಾನೆ ಎನ್ನುವುದಕ್ಕಿಂತ ಅವನು ಕಾಣಿಸದೆ ಇರುವುದೇ ಮುಖ್ಯ. ಆದರೆ ನಾವು ಕೈಗೆತ್ತಿಕೊಂಡಿದ್ದ ದೀರ್ಘ ಕಥೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ ನಿಯಮಗಳದ್ದು. ಅಲ್ಲಿ ಒಂದು ಚೌಕವೆಂದರೆ ಐದು ಅಡಿ, ಬೆಂಕಿಯ ಮಂತ್ರ ಎಷ್ಟು ಚೌಕಗಳನ್ನು ಸುಡುತ್ತದೆ ಎಂಬುದರ ಮೇಲೆ ಗೆಳೆತನಗಳು ಅಲುಗಾಡಿವೆ. ನಮಗೆ ನಕ್ಷೆ ಬೇಕೇ ಬೇಕಿತ್ತು.

ಹೋಲಿಕೆ ನ್ಯಾಯವಾಗಿರಲಿ ಎಂದು ಎಲ್ಲ ಸಾಫ್ಟ್‌ವೇರುಗಳಲ್ಲೂ ಒಂದೇ ನಕ್ಷೆಯನ್ನು, ಒಂದೇ ಕಾಳಗವನ್ನು ಹೂಡಿ ನೋಡುವುದೆಂದು ಗೊತ್ತುಮಾಡಿಕೊಂಡೆ. ಕಥೆ ನಡೆಯುವುದು ಪಾಳೆಯಗಾರನೊಬ್ಬನ ಕಲ್ಪಿತ ಸೀಮೆಯಲ್ಲಿ; ಅವನ ಕೋಟೆಯನ್ನು ನಾನು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಒಂದು ಬಾಗಿಲು ದಾಟಿದೊಡನೆ ದಾರಿ ಥಟ್ಟನೆ ತಿರುಗುತ್ತದೆ, ನುಗ್ಗುವವನಿಗೆ ಮುಂದಿನ ಬಾಗಿಲು ಕಾಣುವುದಿಲ್ಲ. ದೊಡ್ಡ ದೊಡ್ಡ ಬಂಡೆಗಳೇ ಗೋಡೆಯ ಕೆಲಸ ಮಾಡುತ್ತವೆ. ಒಬ್ಬ ಮನುಷ್ಯ ಮಾತ್ರ ತೆವಳಿ ಬರಬಹುದಾದ ಒಂದು ಕಿಂಡಿ ಇದೆ. ಇಂಥ ಜಾಗವನ್ನು ಯಾರು ಯಾರಿಗೆ ಎಷ್ಟು ಕಾಣುತ್ತದೆ ಎಂಬ ಲೆಕ್ಕ ಸರಿಯಾಗಿದ್ದರೆ ಮಾತ್ರ ಆಡಲು ಸಾಧ್ಯ. ವಿಟಿಟಿಗಳು ಎಲ್ಲಿ ಒಂದರಿಂದ ಒಂದು ಬೇರೆಯಾಗುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದು ಈ ಕೋಟೆಯೇ.

ಮೊದಲು ನೋಡಿದ್ದು ರೋಲ್20. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಸಂಗ್ರಹಿಸಿ ಆರಂಭವಾದ ಈ ಸೇವೆಯನ್ನೇ ಈ ಆಟದ ಬಹುಪಾಲು ಜನ ಮೊದಲು ಕೇಳಿರುತ್ತಾರೆ. ಖಾತೆ ತೆರೆದು, ಕೊಂಡಿಯನ್ನು ಎಲ್ಲರಿಗೂ ಕಳಿಸಿದ ಕೂಡಲೇ ಆಟ ಶುರು ಮಾಡಬಹುದು. ಸರ್ವರ್ ಅವರದು, ನಿರ್ವಹಣೆ ಅವರದು. ಪಾತ್ರದ ಹಾಳೆಗಳು ನೂರಾರು ಬಗೆಯ ಆಟಗಳಿಗೆ ಸಿದ್ಧವಾಗಿಯೇ ಇವೆ. ಉಚಿತ ಖಾತೆಗೆ 100 ಎಂಬಿ ಜಾಗ ಕೊಡುತ್ತಾರೆ, ಕೋಟೆಯ ನಕ್ಷೆಯನ್ನು ಕುಗ್ಗಿಸಿ ಹಾಕಿದರೆ ಅದು ಸಾಲುತ್ತದೆ. ಆದರೆ ಟೋಕನ್ನಿನ ದೃಷ್ಟಿಗೆ ಎಟುಕಿದಷ್ಟನ್ನೇ ತೋರಿಸುವ ಡೈನಾಮಿಕ್ ಲೈಟಿಂಗ್, ನಾನು ಪರಿಶೀಲಿಸುತ್ತಿದ್ದ 2024ರ ಹೊತ್ತಿನಲ್ಲಿ, ಚಂದಾ ಕಟ್ಟುವವರಿಗೆ ಮಾತ್ರ ಇತ್ತು. ನನ್ನ ಕೋಟೆಗೆ ಅದೇ ಜೀವ.

ಚಂದಾ ಎಂದೊಡನೆ ನಮ್ಮ ದೇಶದ ಕಾರ್ಡುಗಳ ವಿಚಾರ ಬರುತ್ತದೆ, ಇದನ್ನು ಹೊರದೇಶದವರು ಬರೆಯುವ ಹೋಲಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಕಾರ್ಡಿನಿಂದ ಪ್ರತಿ ತಿಂಗಳೂ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೊಸ ನಿಯಮಗಳನ್ನು ಜಾರಿಗೆ ತಂದಿತು. ಗ್ರಾಹಕನಿಗೆ ಮುಂಚಿತವಾಗಿ ತಿಳಿಸಬೇಕು, ನೋಂದಣಿಗೆ ಒಟಿಪಿ ಬೇಕು, ನಿಗದಿತ ಮಿತಿಯನ್ನು ಮೀರಿದರೆ ಪ್ರತಿ ಬಾರಿಯೂ ಒಪ್ಪಿಗೆ ಬೇಕು. ಆ ಮಿತಿಯನ್ನು 2022ರಲ್ಲಿ 15,000 ರೂಪಾಯಿಗೆ ಏರಿಸಿದರು. ಗ್ರಾಹಕನ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ಆದರೆ ಈ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ಸೇವೆಗಳ ಚಂದಾ ನವೀಕರಣವಾಗದೆ ನಿಲ್ಲುವುದು ನಮಗೆಲ್ಲ ಬೇರೆ ಬೇರೆ ಕಡೆ ಅನುಭವಕ್ಕೆ ಬಂದಿತ್ತು. ಕಥೆಯ ನಡುವೆ, ಶನಿವಾರ ಸಂಜೆ, ಕೋಟೆಯ ದೀಪಗಳೆಲ್ಲ ಚಂದಾ ಮುಗಿದ ಕಾರಣಕ್ಕೆ ಆರುವುದು ನನಗೆ ಬೇಡವಾಗಿತ್ತು. ಮೇಲಾಗಿ ಡಾಲರಿನಲ್ಲಿ ಪಾವತಿಸಿದಾಗಲೆಲ್ಲ ಬ್ಯಾಂಕು ವಿನಿಮಯದ ಶುಲ್ಕವನ್ನು, ಆ ಶುಲ್ಕದ ಮೇಲೆ ಜಿಎಸ್‌ಟಿಯನ್ನು ಸೇರಿಸುತ್ತದೆ. ತಿಂಗಳು ತಿಂಗಳೂ ಇದನ್ನು ಅನುಭವಿಸುವುದಕ್ಕಿಂತ ಒಮ್ಮೆಗೇ ಮುಗಿಸುವುದು ಲೇಸು ಎಂಬ ಕಡೆಗೆ ಮನಸ್ಸು ವಾಲಿತು.

ಎರಡನೆಯದಾಗಿ ನೋಡಿದ ಔಲ್‌ಬೇರ್ ರೋಡಿಯೊ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. ಅದಕ್ಕೆ ಆಟದ ನಿಯಮಗಳೇ ಗೊತ್ತಿಲ್ಲ, ಗೊತ್ತಿರಬೇಕೆಂಬ ಹಂಬಲವೂ ಇಲ್ಲ. ನಕ್ಷೆಯನ್ನು ಎಳೆದು ಹಾಕಿದರೆ ಚೌಕಗಳನ್ನು ತಾನೇ ಊಹಿಸಿ ಹೊಂದಿಸಲು ಯತ್ನಿಸುತ್ತದೆ. ಆಟಗಾರರಿಗೆ ಇನ್ನೂ ಕಾಣಬಾರದ ಜಾಗವನ್ನು ಮುಚ್ಚುವ ಮಂಜನ್ನು ಕೈಯಿಂದ ಬಳಿದು, ಪಾತ್ರಗಳು ಮುಂದೆ ಹೋದಂತೆ ಕೈಯಿಂದಲೇ ಒರೆಸಬೇಕು. 2023ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಈಚೆಗೆ ಹೆಚ್ಚಿನ ಅನುಕೂಲಗಳನ್ನು ಎಕ್ಸ್‌ಟೆನ್ಶನ್ ರೂಪದಲ್ಲಿ ಸೇರಿಸಿಕೊಳ್ಳಬಹುದು. ಆಟಗಾರರು ಖಾತೆಯನ್ನೂ ತೆರೆಯಬೇಕಾಗಿಲ್ಲ, ಕೊಂಡಿ ಒತ್ತಿದರೆ ಸಾಕು. ಹಾಸನದ ತಂಗಿಯ ಫೋನಿನಲ್ಲಿ ಅದು ಎಷ್ಟು ಸಲೀಸಾಗಿ ತೆರೆದುಕೊಂಡಿತೆಂದರೆ, ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿ ತನ್ನ ಟೋಕನ್ನನ್ನು ಬಂಡೆಯ ಹಿಂದೆ ಅಡಗಿಸಿದ ಮೇಲೆ ಅವಳು, "ಅಣ್ಣ, ಇದೇ ಸಾಕಲ್ವಾ?" ಎಂದು ಕೇಳಿದಳು. ಆ ಪ್ರಶ್ನೆಗೆ ಸುಲಭವಾದ ಉತ್ತರ ನನ್ನ ಬಳಿ ಇರಲಿಲ್ಲ. ಒಂದು ಸಂಜೆಯಲ್ಲಿ ಮುಗಿಯುವ ಕಥೆಗೆ ಅದಕ್ಕಿಂತ ಹೆಚ್ಚಿನದು ಏನೂ ಬೇಡ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಕೋಟೆಯೊಳಗೆ ನಾಲ್ವರು ನಾಲ್ಕು ದಿಕ್ಕಿಗೆ ಹಬ್ಬಿದಾಗ ಯಾರಿಗೆ ಏನು ಕಾಣುತ್ತದೆ ಎಂದು ನಾನೇ ಲೆಕ್ಕ ಹಾಕಿ ಮಂಜು ಒರೆಸುತ್ತಾ ಕುಳಿತರೆ, ಕಾವಲುಗಾರರ ಪರವಾಗಿ ಮಾತಾಡುವುದಕ್ಕೆ ನನಗೆ ಬಾಯಿ ಉಳಿಯುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಒಬ್ಬನಿಗಾಗಿ ಒರೆಸಿದ ಮಂಜು ಎಲ್ಲರಿಗೂ ಒರೆಸಿಹೋಗುತ್ತದೆ.

ಮೂರನೆಯದು ಫೌಂಡ್ರಿ. 2020ರ ಮೇ ತಿಂಗಳಲ್ಲಿ ಬಿಡುಗಡೆಯಾದ ಈ ಸಾಫ್ಟ್‌ವೇರಿನ ಬೆಲೆ ಮೂಲದಲ್ಲಿ 50 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಮೇಲೆ. ಅದನ್ನು ಗೇಮ್ ಮಾಸ್ಟರ್ ಒಬ್ಬನೇ, ಒಮ್ಮೆ ಮಾತ್ರ ಕೊಟ್ಟರೆ ಸಾಕು. ಆಟಗಾರರು ಬ್ರೌಸರಿನಿಂದ ಬಿಟ್ಟಿಯಾಗಿ ಬಂದು ಸೇರಿಕೊಳ್ಳುತ್ತಾರೆ. ಇದಕ್ಕೆ ಪ್ರತಿಯಾಗಿ ಸರ್ವರ್ ನಡೆಸುವ ತಲೆನೋವು ನಮ್ಮದು. ಹಣವನ್ನು ನಾವೆಲ್ಲ ಯುಪಿಐ ಮೂಲಕ ಹಂಚಿಕೊಂಡೆವು. ಗುಂಪಿನ ಹಣದಿಂದ ಕೊಂಡ ಲೈಸೆನ್ಸ್ ಕೊನೆಗೆ ಒಬ್ಬರ ಹೆಸರಿನಲ್ಲೇ ಇರುತ್ತದೆ, ಏಕಕಾಲಕ್ಕೆ ಒಂದೇ ಆಟವನ್ನು ಇತರರಿಗೆ ತೆರೆದಿಡಲು ಅದರಲ್ಲಿ ಅವಕಾಶ ಎಂಬುದನ್ನು ಮುಂಚೆಯೇ ಎಲ್ಲರಿಗೂ ಹೇಳಿದ್ದೆ.

ಕೋಟೆಯನ್ನು ಫೌಂಡ್ರಿಯಲ್ಲಿ ಕಟ್ಟಿದ ಸಂಜೆಗಳನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಗೋಡೆ ಎಂದರೆ ನಕ್ಷೆಯ ಮೇಲೆ ನಾವು ಎಳೆಯುವ ಒಂದು ಗೆರೆ. ಅದು ದೃಷ್ಟಿಯನ್ನು, ಬೆಳಕನ್ನು, ಚಲನೆಯನ್ನು, ಶಬ್ದವನ್ನು ಬೇರೆ ಬೇರೆಯಾಗಿ ತಡೆಯಬಹುದು ಅಥವಾ ಬಿಡಬಹುದು. ಸಾಮಾನ್ಯ ಗೋಡೆ ಎಲ್ಲವನ್ನೂ ತಡೆಯುತ್ತದೆ. ಬಂಡೆಗಳಿಗೆ ಬಳಸಲು ಟೆರೈನ್ ವಾಲ್ ಎಂಬ ಇನ್ನೊಂದು ಬಗೆ ಇದೆ: ದೃಷ್ಟಿ ಮೊದಲ ಗೆರೆಯನ್ನು ದಾಟಿ ಒಳಗೆ ಹೋಗುತ್ತದೆ, ಎರಡನೆಯ ಗೆರೆಯಲ್ಲಿ ನಿಲ್ಲುತ್ತದೆ. ಬಂಡೆಯ ಸುತ್ತ ಇಂಥ ಗೆರೆಯನ್ನು ಎಳೆದರೆ ಆಟಗಾರನಿಗೆ ಬಂಡೆ ಪೂರ್ತಿ ಕಾಣುತ್ತದೆ, ಅದರ ಹಿಂದೆ ಅಡಗಿದವನು ಕಾಣುವುದಿಲ್ಲ. ಸಾಮಾನ್ಯ ಗೋಡೆಯನ್ನೇ ಬಳಸಿದ್ದರೆ ಬಂಡೆಯ ಜಾಗದಲ್ಲಿ ಬರೀ ಕಪ್ಪು ಕಾಣಿಸುತ್ತಿತ್ತು. ಕಿಂಡಿಗೆ ಸಿಕ್ಕಿದ್ದು ಇನ್ನೂ ಸೊಗಸಾದದ್ದು. ಹನ್ನೊಂದನೆಯ ಆವೃತ್ತಿಯಿಂದ ಕಿಟಕಿಯ ಬಗೆಯ ಗೋಡೆ ಬಂದಿದೆ, ಅದಕ್ಕೆ ದೂರದ ಮಿತಿಯನ್ನು ನಿಗದಿ ಮಾಡಬಹುದು. ಕಿಂಡಿಗೆ ಒತ್ತಿ ನಿಂತವನಿಗೆ ಆಚೆಯ ಬಯಲು ಕಾಣುತ್ತದೆ, ದೂರದ ಬಯಲಿನಲ್ಲಿ ನಿಂತವನಿಗೆ ಅದು ಬರೀ ಗೋಡೆ. ಒಳಗಿನ ಕಾವಲುಗಾರ್ತಿಗೆ ಹೊರಗಿನವನು ಕಂಡು, ಹೊರಗಿನವನಿಗೆ ಅವಳು ಕಾಣದೆ ಇರುವ ಆ ಪರಿಸ್ಥಿತಿಯನ್ನು ನಾನು ಬಾಯಲ್ಲಿ ವಿವರಿಸಬೇಕಾಗಲಿಲ್ಲ. ಓಬವ್ವನ ಕಥೆ ಕೇಳಿ ಬೆಳೆದವರಿಗೆ ಅಲ್ಲಿ ಏನಾಗಲಿದೆ ಎಂದು ಹೇಳುವ ಅಗತ್ಯವೂ ಇರಲಿಲ್ಲ, ಆದರೂ ಒಬ್ಬ ನುಗ್ಗಿದ.

ಇಷ್ಟೆಲ್ಲ ಗೆರೆಗಳನ್ನು ಕೈಯಿಂದ ಎಳೆಯಲು ಹೊತ್ತು ಹಿಡಿಯುತ್ತದೆ. ವಿಟಿಟಿಯ ನಿಜವಾದ ಬೆಲೆ ಡಾಲರಿನಲ್ಲಿ ಇಲ್ಲ, ಗೇಮ್ ಮಾಸ್ಟರ್ ವಾರದ ರಾತ್ರಿಗಳಲ್ಲಿ ಅದಕ್ಕಾಗಿ ಕೊಡುವ ಹೊತ್ತಿನಲ್ಲಿದೆ ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಈ ಕೆಲಸದ ನಡುವೆ. ಡಂಜನ್‌ಡ್ರಾಫ್ಟ್‌ನಂಥ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ತನ್ನ ನಕ್ಷೆಯನ್ನು ಯೂನಿವರ್ಸಲ್ ವಿಟಿಟಿ ಎಂಬ ಸ್ವರೂಪದಲ್ಲಿ ಕೊಡಬಲ್ಲದು. ಚಿತ್ರದ ಜೊತೆಗೆ ಗೋಡೆ, ಬಾಗಿಲು, ದೀಪಗಳ ಸ್ಥಾನವೂ ಆ ಫೈಲಿನಲ್ಲೇ ಇರುತ್ತದೆ, ಮಾಡ್ಯೂಲ್ ಎಂಬ ಸೇರ್ಪಡೆ ಪ್ರೋಗ್ರಾಂ ಒಂದರ ನೆರವಿನಿಂದ ಅದನ್ನು ಫೌಂಡ್ರಿಗೆ ಇಳಿಸಿಕೊಂಡರೆ ಕೆಲಸದ ಬಹುಭಾಗ ಮುಗಿದಿರುತ್ತದೆ. ಬೇರೆ ಕಡೆಯಿಂದ ಚಿತ್ರವನ್ನಷ್ಟೇ ತಂದವರು ಗೆರೆ ಎಳೆಯಲೇಬೇಕು. ಎಲ್ಲ ನಕ್ಷೆಗೂ ಗೋಡೆ ಕಟ್ಟುವ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಸಂತೆಬೀದಿಯಲ್ಲಿ ನಡೆಯುವ ಜಗಳಕ್ಕೆ ತೆರೆದ ನಕ್ಷೆ ಸಾಕು.

ಇನ್ನು ಕೆಂಗೇರಿಯ ಹಳೆಯ ಲ್ಯಾಪ್‌ಟಾಪಿನ ವಿಚಾರ. ಮೊದಲ ಬಾರಿ ತೆರೆದಾಗಲೇ ಪರದೆಯ ಅಳತೆ ಸಾಲದು, ಕನಿಷ್ಠ 1366×768 ಬೇಕು ಎಂಬ ಎಚ್ಚರಿಕೆ ಬಂತು. ಅವನ ಪರದೆ ಅಷ್ಟೇ ಅಳತೆಯದು. ಆದರೆ ವಿಂಡೋಸ್‌ನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಲೆಂದು ಸ್ಕೇಲಿಂಗ್ ಅನ್ನು ಶೇಕಡಾ 125ಕ್ಕೆ ಇಟ್ಟಿದ್ದರಿಂದ ಬ್ರೌಸರಿನ ಪಾಲಿಗೆ ಅದು ಕುಗ್ಗಿತ್ತು. ಬ್ರೌಸರಿನ ಝೂಮ್ ಇಳಿಸಿದ ಮೇಲೆ ಎಚ್ಚರಿಕೆ ಹೋಯಿತು. ಅದಾದ ಮೇಲೆ ನಕ್ಷೆ ಎಳೆದಾಗ ಚಿತ್ರ ತಡವರಿಸತೊಡಗಿತು. ಮೂವತ್ತು ಚೌಕ ಅಗಲ, ನಲವತ್ತು ಚೌಕ ಉದ್ದದ ನಕ್ಷೆಯನ್ನು ಚೌಕಕ್ಕೆ ನೂರು ಪಿಕ್ಸೆಲ್ ಲೆಕ್ಕದಲ್ಲಿ ಮಾಡಿದರೆ ಒಟ್ಟು 1.2 ಕೋಟಿ ಪಿಕ್ಸೆಲ್ ಆಗುತ್ತದೆ. ಅದನ್ನು ಪಿಎನ್‌ಜಿ ಬದಲು ವೆಬ್‌ಪಿ ಆಗಿ ಉಳಿಸಿದರೆ ಫೈಲು ತೀರಾ ಚಿಕ್ಕದಾಗಿ ಬೇಗ ಇಳಿಯುತ್ತದೆ, ಹಾಸನದ ಫೋನ್ ಡೇಟಾಗೂ ಒಳ್ಳೆಯದು. ಆದರೆ ತೆರೆದ ಮೇಲೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಅದು ಪಿಕ್ಸೆಲ್ಲಿಗೆ ನಾಲ್ಕು ಬೈಟ್‌ನಂತೆ 48 ಎಂಬಿ ತಿನ್ನುವುದು ತಪ್ಪುವುದಿಲ್ಲ. ಆದ್ದರಿಂದ ಫೈಲಿನ ತೂಕದ ಜೊತೆಗೆ ನಕ್ಷೆಯ ಅಳತೆಯನ್ನೂ ಇಳಿಸಿ, ಕೋಟೆಯನ್ನು ಸುತ್ತಿಗೊಂದು ನಕ್ಷೆಯಾಗಿ ಒಡೆದೆ. ಫೌಂಡ್ರಿಯಲ್ಲಿ ಪರ್ಫಾರ್ಮೆನ್ಸ್ ಮೋಡ್ ಪ್ರತಿಯೊಬ್ಬ ಆಟಗಾರನಿಗೂ ಬೇರೆ ಬೇರೆ. ಕೆಂಗೇರಿಯಲ್ಲಿ ಅದನ್ನು ಕನಿಷ್ಠಕ್ಕೆ ಇಟ್ಟು, ಬ್ರೌಸರಿನ ಹಾರ್ಡ್‌ವೇರ್ ಆಕ್ಸಿಲರೇಶನ್ ಚಾಲೂ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ದೀಪಗಳು ಮಿನುಗುವುದು ನಿಂತಿತು, ಆಟ ನಡೆಯಿತು.

ಸರ್ವರ್ ಎಲ್ಲಿ ಇಡುವುದು ಎಂಬುದೇ ಎಲ್ಲಕ್ಕಿಂತ ತೊಡಕಿನ ಹಂತವಾಗಿತ್ತು. ಫೌಂಡ್ರಿಯನ್ನು ನನ್ನ ಮನೆಯ ಕಂಪ್ಯೂಟರಿನಲ್ಲೇ ನಡೆಸಿ, ರೂಟರಿನಲ್ಲಿ 30000 ಎಂಬ ಪೋರ್ಟನ್ನು ತೆರೆದರೆ ಹೊರಗಿನವರು ಬಂದು ಸೇರಬಹುದೆಂದು ಕೈಪಿಡಿ ಹೇಳುತ್ತದೆ. ತೆರೆದರೂ ಯಾರೂ ಸೇರಲಾಗಲಿಲ್ಲ. ರೂಟರಿನ ಪುಟವನ್ನು ತೆರೆದು ಹೊರಮುಖದ ವಿಳಾಸವನ್ನು ನೋಡಿದಾಗ ಅದು 100ರಿಂದ ಆರಂಭವಾಗಿತ್ತು, ಎರಡನೆಯ ಅಂಕಿ 64ರಿಂದ 127ರ ನಡುವಿನದು. ಆ ಶ್ರೇಣಿಯ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮೊಳಗಿನ ಹಂಚಿಕೆಗೆಂದೇ ಇಟ್ಟುಕೊಂಡಿರುತ್ತವೆ. ಐಪಿವಿ4 ವಿಳಾಸಗಳ ಅಭಾವದಿಂದ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂರಿಸಿದಾಗ, ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರಿಗೆ ನಮ್ಮ ಮನೆಯ ಬಾಗಿಲು ಯಾವುದೆಂದೇ ತಿಳಿಯುವುದಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, "ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎಂಬ ಮಾತಿನಾಚೆ ಸಂಭಾಷಣೆ ಬೆಳೆಯಲಿಲ್ಲ. ಸ್ಥಿರವಾದ ಸಾರ್ವಜನಿಕ ವಿಳಾಸ ಬೇಕಾದರೆ ತಿಂಗಳಿಗೆ ಇಷ್ಟು ಎಂದು ಪ್ರತ್ಯೇಕ ಶುಲ್ಕ.

ಕ್ಲೌಡ್‌ಫ್ಲೇರ್ ಟನಲ್‌ನಂಥ ಉಪಾಯಗಳಿಂದ ಈ ಗೋಡೆಯನ್ನು ಒಳಗಿನಿಂದಲೇ ಕೊರೆಯಬಹುದು, ಅದನ್ನು ಬಳಸಿಯೂ ನೋಡಿದೆ, ಕೆಲಸ ಮಾಡುತ್ತದೆ. ಆದರೆ ಮನೆಯಲ್ಲಿ ಕರೆಂಟು ಹೋದರೆ ಯುಪಿಎಸ್ ಇದ್ದರೂ ಬೀದಿಯ ಫೈಬರ್ ಪೆಟ್ಟಿಗೆಗೆ ಕರೆಂಟು ಇರಬೇಕಲ್ಲ. ಮಳೆಗಾಲದ ಸಂಜೆಗಳಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಚಿಕ್ಕದೊಂದು ಬಾಡಿಗೆ ಸರ್ವರ್ ತೆಗೆದುಕೊಂಡೆವು. ಡಿಜಿಟಲ್‌ಓಷನ್ ಕಂಪನಿಯ ಡೇಟಾ ಸೆಂಟರ್ ಬೆಂಗಳೂರಿನಲ್ಲೇ ಇರುವುದು ನಮಗೆ ಅನುಕೂಲವಾಯಿತು. ಅಮೆರಿಕದ ಸರ್ವರಿಗೆ ಹೋಗಿ ಬರಲು ಸಂದೇಶಕ್ಕೆ 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುವ ಜಾಗದಲ್ಲಿ, ಊರೊಳಗಿನ ಸರ್ವರಿನಲ್ಲಿ ಟೋಕನ್ ಎಳೆದೊಡನೆ ಸರಿಯುತ್ತದೆ. 1 ಜಿಬಿ ಮೆಮೊರಿಯ ಸರ್ವರಿನಲ್ಲಿ ಉಬುಂಟು, ಫೌಂಡ್ರಿಯನ್ನು ಓಡಿಸುವ ನೋಡ್‌ಜೆಎಸ್, ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ತಾನೇ ತಂದುಕೊಳ್ಳುವ ಕ್ಯಾಡಿ ಇಷ್ಟನ್ನು ಹಾಕಿದರೆ ಐದಾರು ಜನರ ಗುಂಪಿಗೆ ನಡೆಯುತ್ತದೆ, ಮೆಮೊರಿ ಸಾಲದಾದಾಗ ಬಳಕೆಗೆ ಬರುವ ಸ್ವಾಪ್ ಜಾಗವನ್ನು ಡಿಸ್ಕಿನಲ್ಲಿ ಒಂದಿಷ್ಟು ಕೊಟ್ಟಿರಬೇಕು. ಚಂದಾ ಬೇಡವೆಂದು ಹೊರಟು ಸರ್ವರಿನ ಬಾಡಿಗೆಗೆ ಬಂದು ನಿಂತೆವಲ್ಲ ಎಂದು ವೈಟ್‌ಫೀಲ್ಡಿನ ಗೆಳತಿ ಚುಚ್ಚಿದಳು. ಮಾತು ನಿಜವೇ; ವ್ಯತ್ಯಾಸವೇನೆಂದರೆ ನಾಳೆ ಈ ಸರ್ವರ್ ಬಿಟ್ಟರೂ ಡೇಟಾ ಎಂಬ ಒಂದು ಫೋಲ್ಡರನ್ನು ಎತ್ತಿಕೊಂಡು ಬೇರೆಡೆಗೆ ಹೋಗಬಹುದು, ಕೋಟೆ ಅದರೊಳಗೇ ಇರುತ್ತದೆ.

ಧ್ವನಿಯನ್ನು ಮಾತ್ರ ಬೇರೆಯಾಗಿಯೇ ಇಟ್ಟೆವು. ಫೌಂಡ್ರಿಯಲ್ಲೂ ಮಾತುಕತೆಯ ವ್ಯವಸ್ಥೆ ಇದೆ, ಆದರೆ ನಕ್ಷೆ ನಿಂತಾಗ ಮಾತೂ ನಿಂತರೆ ಏನಾಯಿತೆಂದು ಕೇಳಲೂ ದಾರಿ ಇರುವುದಿಲ್ಲ. ಡಿಸ್ಕಾರ್ಡ್ ಮೊದಲಿನಿಂದ ಎಲ್ಲರಿಗೂ ರೂಢಿಯಲ್ಲಿತ್ತು.

ಕನ್ನಡದ ಬಳಕೆಯಲ್ಲಿ ಎರಡು ಸಂಗತಿಗಳು ಎದುರಾದವು. ಪಾತ್ರಗಳ ಹೆಸರು, ಊರಿನ ಹೆಸರು, ಆಟಗಾರರಿಗೆ ಕೊಡುವ ಓಲೆಗಳು ಎಲ್ಲವೂ ನಮ್ಮಲ್ಲಿ ಕನ್ನಡದಲ್ಲೇ ಇರುತ್ತವೆ. ಬ್ರೌಸರ್ ಆಧಾರಿತ ಸಾಫ್ಟ್‌ವೇರುಗಳಲ್ಲಿ ಯುನಿಕೋಡ್ ಕನ್ನಡಕ್ಕೆ ತೊಂದರೆ ಇಲ್ಲ, ಒತ್ತಕ್ಷರಗಳೂ ಸರಿಯಾಗಿಯೇ ಮೂಡುತ್ತವೆ; ಫೌಂಡ್ರಿಗೆ ನಮಗೆ ಬೇಕಾದ ಫಾಂಟನ್ನೂ ಸೇರಿಸಬಹುದಾದ್ದರಿಂದ ನೋಟೋ ಸ್ಯಾನ್ಸ್ ಕನ್ನಡವನ್ನು ಹಾಕಿದೆ. ತೊಡಕು ಬಂದದ್ದು ನನ್ನ ಹಳೆಯ ಟಿಪ್ಪಣಿಗಳಿಂದ. ಯುನಿಕೋಡಿಗೆ ಮುಂಚಿನ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದ ಪಾಳೆಯಗಾರನ ವಂಶಾವಳಿಯನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಮೂಡಿತು, ಪರಿವರ್ತಕದ ಮೂಲಕ ಹಾಯಿಸಿ ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕಾಯಿತು. ಎರಡನೆಯದು ದಾಳದ ಆದೇಶ. ಚಾಟ್‌ನಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಆದರೆ ಆಟಗಾರರು ಕನ್ನಡದಲ್ಲಿ ಹರಟುತ್ತಾ ಇರುತ್ತಾರೆ. ಪ್ರತಿ ಏಟಿಗೂ ಕೀಬೋರ್ಡ್ ಬದಲಿಸುವುದು ರೇಜಿಗೆ. ಪ್ರತಿಯೊಬ್ಬರ ಪರದೆಯ ಕೆಳಗಿನ ಪಟ್ಟಿಯಲ್ಲಿ ಕತ್ತಿ, ಬಿಲ್ಲು, ಮಂತ್ರಗಳಿಗೆ ಒಂದೊಂದು ಮ್ಯಾಕ್ರೊ, ಅಂದರೆ ಮೊದಲೇ ಬರೆದಿಟ್ಟ ಆದೇಶ, ಇಟ್ಟುಕೊಟ್ಟ ಮೇಲೆ ಅಂಕಿಯ ಕೀಲಿ ಒತ್ತಿದರೆ ಸಾಕಾಯಿತು.

ಇಲ್ಲಿಂದ ಆಟೊಮೇಶನ್ ಎಂಬ ಆಮಿಷ ಶುರುವಾಗುತ್ತದೆ. ಫೌಂಡ್ರಿಗೆ ಆಸಕ್ತರು ಬರೆದ ಮಾಡ್ಯೂಲುಗಳು ರಾಶಿ ರಾಶಿ ಇವೆ. ಏಟು ತಗುಲಿತೇ ಎಂದು ನೋಡಿ, ಪೆಟ್ಟಿನ ಲೆಕ್ಕ ಹಾಕಿ, ಶತ್ರುವಿನ ಪ್ರಾಣಾಂಕದಿಂದ ಕಳೆದು, ಅವನು ಸತ್ತರೆ ತಲೆಬುರುಡೆಯ ಗುರುತನ್ನೂ ತಾವೇ ಹಾಕುವಂಥವು ಅವುಗಳಲ್ಲಿವೆ. ಅಂಥದ್ದೊಂದನ್ನು ಚಾಲೂ ಮಾಡಿ ಆಡಿದ ಸಂಜೆ ಕಾಳಗ ಬೇಗ ಮುಗಿಯಿತು, ಆದರೆ ತಂಗಿ, "ಅಣ್ಣ, ಇದ್ರಲ್ಲಿ ಹೊಡೀತಿರೋದು ನಾನಾ, ಕಂಪ್ಯೂಟರಾ?" ಎಂದಳು. ಕೆಂಗೇರಿಯವನದು ಇನ್ನೂ ಹಳೆಯ ಹಟ: "ಗುರು, ಕೈಯಲ್ಲಿ ದಾಳ ಕುಲುಕದೆ ಇದ್ರೆ ಅದು ಆಟಾನೇ ಅಲ್ಲ." ಫೌಂಡ್ರಿಯ ಹನ್ನೆರಡನೆಯ ಆವೃತ್ತಿಯಲ್ಲಿ, ಗೇಮ್ ಮಾಸ್ಟರ್ ಅನುಮತಿ ಕೊಟ್ಟರೆ, ಆಟಗಾರ ತನ್ನ ಮೇಜಿನ ಮೇಲೆ ನಿಜವಾದ ದಾಳ ಉರುಳಿಸಿ ಬಿದ್ದ ಅಂಕಿಯನ್ನು ನಮೂದಿಸುವ ಅವಕಾಶ ಇದೆ. ಅವನಿಗೆ ಅದನ್ನು ಕೊಟ್ಟಿದ್ದೇನೆ. ಇಪ್ಪತ್ತು ಮುಖದ ದಾಳದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಇಪ್ಪತ್ತು ಅವನಿಗೆ ಉಳಿದವರಿಗಿಂತ ಹೆಚ್ಚಾಗಿಯೇ ಬೀಳುತ್ತದೆ ಎಂದು ವೈಟ್‌ಫೀಲ್ಡಿನವರು ಗೊಣಗುತ್ತಾರೆ. ನಾನು ಉಳಿಸಿಕೊಂಡ ಮಾಡ್ಯೂಲುಗಳು ಬೆರಳೆಣಿಕೆಯಷ್ಟು: ನಕ್ಷೆ ಇಳಿಸಿಕೊಳ್ಳುವುದು, ದಾಳವನ್ನು ಮೂರು ಆಯಾಮದಲ್ಲಿ ಉರುಳಿಸಿ ತೋರಿಸುವುದು, ಇನ್ನೂ ಒಂದೆರಡು. ಗುಟ್ಟಾಗಿ ಉರುಳಿಸುವ ಸೌಲಭ್ಯ ಮೂಲದಲ್ಲೇ ಇದೆ, ಫಲಿತಾಂಶ ನನಗಷ್ಟೇ ಕಾಣುವ ಬಗೆಯಂತೂ ಬಲೆ ಹುಡುಕುವ ಸಂದರ್ಭಗಳಿಗೆ ಹೇಳಿ ಮಾಡಿಸಿದ್ದು.

ಪುಸ್ತಕಗಳ ವಿಚಾರದಲ್ಲಿ ನಾವು ಹಣ ಖರ್ಚು ಮಾಡಲಿಲ್ಲ. ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಗಿದೆ, ಫೌಂಡ್ರಿಯ ಉಚಿತ ಸಿಸ್ಟಮ್‌ನಲ್ಲಿ ಅವು ಸಿಗುತ್ತವೆ. ಪಾಳೆಯಗಾರ, ಕೊತ್ತಲ, ಬೇಡರ ಪಡೆ ಇವೆಲ್ಲ ಹೇಗೂ ನಾವೇ ಕಟ್ಟಿಕೊಂಡವು. ಒಂದು ಸೇವೆಯಲ್ಲಿ ಕೊಂಡ ಡಿಜಿಟಲ್ ಪುಸ್ತಕ ಸಾಮಾನ್ಯವಾಗಿ ಇನ್ನೊಂದರಲ್ಲಿ ತೆರೆಯುವುದಿಲ್ಲವಾದ್ದರಿಂದ, ಪುಸ್ತಕಗಳನ್ನು ಮೊದಲು ಕೊಂಡವರಿಗೆ ಆಯ್ಕೆ ಎಂಬುದು ಅಷ್ಟರಮಟ್ಟಿಗೆ ಮುಗಿದಂತೆಯೇ. ಸೇವೆಗಳ ಆಯುಷ್ಯವೂ ನೆನಪಿನಲ್ಲಿರಬೇಕು. ಮೂರು ಆಯಾಮದ ಭರ್ಜರಿ ವಿಟಿಟಿ ಎಂದು ಪ್ರಚಾರವಾಗಿದ್ದ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಸಿಜಿಲ್ 2025ರ ಆರಂಭದಲ್ಲಿ ಬಂತು, ಮಾರ್ಚ್ ತಿಂಗಳಲ್ಲೇ ಅದರ ತಂಡದ ಬಹುಪಾಲು ಜನರನ್ನು ಕೆಲಸದಿಂದ ಬಿಡಿಸಿದ ಸುದ್ದಿ ಬಂತು. ಅದಕ್ಕಾಗಿ ಕಾಯೋಣ ಎಂದಿದ್ದ ವೈಟ್‌ಫೀಲ್ಡಿನ ಗೆಳೆಯ ಆಮೇಲೆ ಆ ಮಾತು ಎತ್ತಿಲ್ಲ.

ಈಗ ದೀರ್ಘ ಕಥೆ ಫೌಂಡ್ರಿಯಲ್ಲಿ ನಡೆಯುತ್ತಿದೆ. ಯಾರಾದರೂ ಬಾರದೆ ಇದ್ದ ವಾರ, ಅಥವಾ ಹೊಸಬರೊಬ್ಬರು ಕುತೂಹಲದಿಂದ ಕೂತ ವಾರ, ಔಲ್‌ಬೇರ್ ರೋಡಿಯೊದಲ್ಲಿ ಒಂದು ಸಂಜೆಯ ಕಥೆ ಆಡುತ್ತೇವೆ. ಫೌಂಡ್ರಿ ಫೋನಿಗೆಂದು ಮಾಡಿದ್ದಲ್ಲವಾದ್ದರಿಂದ ತಂಗಿ ತನ್ನ ಭಾವನ ಲ್ಯಾಪ್‌ಟಾಪನ್ನು ಶನಿವಾರ ಸಂಜೆಗೆಂದು ಕೇಳಿ ಪಡೆಯುತ್ತಾಳೆ, ಅದು ಸಿಗದ ದಿನ ಡಿಸ್ಕಾರ್ಡ್‌ನಲ್ಲಿ ನಾನು ಕಳಿಸುವ ಪರದೆಯನ್ನು ಫೋನಿನಲ್ಲಿ ನೋಡುತ್ತಾ ಬಾಯಲ್ಲೇ ಹೇಳಿ ಟೋಕನ್ ಸರಿಸುತ್ತಾಳೆ. ಫೌಂಡ್ರಿಯ ಹದಿಮೂರನೆಯ ಆವೃತ್ತಿ ಬಂದಿದೆ, ಅದಕ್ಕೆ ನೋಡ್‌ಜೆಎಸ್‌ನ ಹೊಸ ಆವೃತ್ತಿಯೂ ಬೇಕು, ಮಾಡ್ಯೂಲುಗಳಲ್ಲಿ ಯಾವುದು ಅದರಲ್ಲಿ ನಡೆಯುತ್ತದೆ ಯಾವುದು ನಡೆಯುವುದಿಲ್ಲ ಎಂದು ಒಂದೊಂದಾಗಿ ನೋಡಬೇಕು. ಡೇಟಾ ಫೋಲ್ಡರಿನ ಪ್ರತಿಯನ್ನು ಪ್ರತಿ ಆಟದ ನಂತರ ಮನೆಯ ಡಿಸ್ಕಿಗೆ ಇಳಿಸಿಕೊಳ್ಳುತ್ತೇನಾದರೂ, ಮುತ್ತಿಗೆಯ ನಡುವೆ ಅಡಿಪಾಯ ಬದಲಿಸುವ ಸಾಹಸ ಬೇಡವೆಂದು ಹನ್ನೆರಡರಲ್ಲೇ ಉಳಿದಿದ್ದೇವೆ. ಸದ್ಯಕ್ಕೆ ಐದನೆಯ ಸುತ್ತಿನ ಗೋಡೆಗಳನ್ನು ಎಳೆಯುವುದು ಬಾಕಿ ಇದೆ.